ಡೆನ್ವರ್‌ನಲ್ಲಿ ಎಲ್ರೂ ಮಕಾರ್ ಮಕಾರ್ ಅನ್ನೋದ್ಯಾಕೆ

ಆಫೀಸಲ್ಲಿ ಊಟದ ಟೇಬಲ್ ಮೇಲೆ ಬರೀ ಡೆನ್ವರ್‌ನ ಐಸ್ ಹಾಕಿ ಟೀಮ್ ಅವಲಾಂಚ್‌ದೇ ಮಾತು, ಅದ್ರಲ್ಲೂ ಹಿಂದೆ ನಿಂತು ಆಡೋ ಕೇಲ್ ಮಕಾರ್‌ನ ಯಾಕಿಷ್ಟು ಹೊಗಳ್ತಾರೆ, ಒಬ್ಬ ಡಿಫೆನ್ಸ್‌ಮನ್ ಇಂದ ಟೀಮ್ ಗೆಲ್ಲುತ್ತಾ ಅಂತ ಕೇಳಿದೀರ. ನೀವು ಕೊಡಗಿನೋರು ಅಂದ್ಮೇಲೆ ಹೇಳೋದು ಸುಲಭ. ನಮ್ಮ ವಿ. ಆರ್. ರಘುನಾಥ್ ಫುಲ್ ಬ್ಯಾಕ್ ಆಗಿದ್ಕೊಂಡೇ ಡ್ರ್ಯಾಗ್ ಫ್ಲಿಕ್ ಹೊಡೆದು ಗೋಲ್ ಹಾಕ್ತಿದ್ರಲ್ಲ, ಆ ಥರ, ಆದ್ರೆ ಇಲ್ಲಿ ಪೆನಾಲ್ಟಿ ಕಾರ್ನರ್‌ ಇಲ್ಲ, ಆಟ ಓಡ್ತಿರುವಾಗ್ಲೇ ಮಾಡ್ಬೇಕು.

ಮೊದ್ಲು ಲೆಕ್ಕ ನೋಡಿ. ಮ್ಯಾಚಿಗೆ 12 ಫಾರ್ವರ್ಡ್, 6 ಡಿಫೆನ್ಸ್ ಅಷ್ಟೇ, ಸರದಿ ಮೇಲೆ ಐಸಿಗೆ ಇಳೀತಾರೆ. ಅದಕ್ಕೇ ಮಕಾರ್ ಥರದೋನು 60 ನಿಮಿಷದಲ್ಲಿ ಹತ್ತತ್ರ 25 ನಿಮಿಷ ಐಸ್ ಮೇಲೇ ಇರ್ತಾನೆ, ಹೆಚ್ಚಿನ ಫಾರ್ವರ್ಡ್‌ಗಳು 20 ದಾಟಲ್ಲ.

ಆಮೇಲೆ ನೋಡ್ಬೇಕಾದ್ದು ಗೋಲ್ ಅಲ್ಲ, ಎದುರಾಳಿ ಪಕ್‌ನ (ಬಾಲ್ ಬದಲು ಇಲ್ಲಿರೋ ರಬ್ಬರ್ ಬಿಲ್ಲೆ) ನಮ್ಮ ನೆಟ್ ಹಿಂದಕ್ಕೆ ತಳ್ಳಿದಾಗ ಏನಾಗುತ್ತೆ ಅನ್ನೋದು. ಸಾಧಾರಣ ಡಿಫೆನ್ಸ್‌ಮನ್ ಆದ್ರೆ ಮೈಮೇಲೆ ಬರ್ತಿರೋನ್ನ ನೋಡಿ ಗಾಬರಿಯಾಗಿ ರಿಂಕ್ ಸುತ್ತ ಇರೋ ಗ್ಲಾಸಿಗೆ ಹೊಡೆದು ಆಚೆ ಕಳಿಸ್ತಾನೆ, ಪಕ್ ಮತ್ತೆ ಅವರ ಕೈಗೇ ಹೋಗುತ್ತೆ, ನಮ್ಮೋರು ಸುಸ್ತಾಗಿ ಅಲ್ಲೇ ಸಿಕ್ಕಾಕೊಳ್ತಾರೆ. ಮಕಾರ್ ಪಕ್ ಹತ್ರ ಹೋಗೋ ಮುಂಚೆನೇ ಒಂದ್ಸಲ ಭುಜದ ಮೇಲಿಂದ ಹಿಂದೆ ನೋಡ್ತಾನೆ, ಒಂದು ಕಡೆ ಹೋಗೋ ಹಾಗೆ ಮಾಡಿ ಸ್ಕೇಟ್ ಅಂಚಲ್ಲೇ ಇನ್ನೊಂದು ಕಡೆ ತಿರುಗಿಬಿಡ್ತಾನೆ, ಬಂದೋನು ಬೋರ್ಡಿಗೆ ಹೋಗಿ ನಿಲ್ತಾನೆ, ಅಷ್ಟೊತ್ತಿಗೆ ಪಕ್ ನಮ್ಮ ಫಾರ್ವರ್ಡ್ ಮ್ಯಾಕಿನನ್ ಹತ್ರ ಇರುತ್ತೆ, ಅವನೋ ಫುಲ್ ಸ್ಪೀಡಲ್ಲಿ. ಹೆಸರು ಮ್ಯಾಕಿನನ್‌ಗೆ ಬಂದ್ರೂ ಆ ಗೋಲ್ ಶುರುವಾಗಿದ್ದು ಹಿಂದೆ. ಜನವರಿ 2022ರಲ್ಲಿ ಶಿಕಾಗೋ ಮೇಲೆ ಓವರ್‌ಟೈಮ್‌ನಲ್ಲಿ ಮಕಾರ್ ಹಾಕಿದ ಗೋಲ್ ಯೂಟ್ಯೂಬಲ್ಲಿ ಹುಡುಕಿ, ಅವರ ಆಟಗಾರ ಕರ್ಬಿ ಡಾಕ್‌ನ ಹೇಗೆ ದಾಟ್ದ ಅಂತ ನೋಡಿದ್ರೆ ನಾನು ಬರ್ದಿದ್ದೇನೂ ಬೇಕಾಗಲ್ಲ!

2016-17ರಲ್ಲಿ ಈ ಟೀಮ್ 48 ಪಾಯಿಂಟ್ ತಗೊಂಡು ಇಡೀ ಲೀಗಿಗೇ ಕೊನೆ. ಟೀಮ್‌ಗಳು ಹೊಸ ಹುಡುಗರನ್ನ ಆರಿಸ್ಕೊಳ್ಳೋ ಆ ವರ್ಷದ ಡ್ರಾಫ್ಟಲ್ಲಿ 4ನೇದಾಗಿ ಸಿಕ್ಕೋನು ಕ್ಯಾಲ್ಗರಿ ಹುಡುಗ ಮಕಾರ್. 2022ರಲ್ಲಿ, ಅದಕ್ಕೂ ಮುಂಚೆ ಸತತ ಎರಡು ಸಲ ಕಪ್ ಗೆದ್ದಿದ್ದ ಟ್ಯಾಂಪಾ ಬೇ ಟೀಮನ್ನ ಫೈನಲ್‌ನಲ್ಲಿ ಸೋಲಿಸಿ ಸ್ಟ್ಯಾನ್ಲಿ ಕಪ್ ಡೆನ್ವರ್‌ಗೆ ಬಂತು, ಪ್ಲೇಆಫ್‌ನ 20 ಮ್ಯಾಚಲ್ಲಿ ಮಕಾರ್‌ದು 29 ಪಾಯಿಂಟ್ (ಗೋಲ್, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ), ಪ್ಲೇಆಫ್‌ನ ಬೆಸ್ಟ್ ಆಟಗಾರನಿಗೆ ಕೊಡೋ ಕಾನ್ ಸ್ಮೈಥ್ ಟ್ರೋಫಿನೂ ಅವನಿಗೇ.

ಹಾಗಂತ ಅವನೊಬ್ಬ ಇದ್ರೆ ಸಾಕು ಅನ್ನೋರ ಮಾತು ನಾನು ಒಪ್ಪಲ್ಲ. 2024-25ರಲ್ಲಿ 30 ಗೋಲ್ ಹಾಕ್ದ, ಬೆಸ್ಟ್ ಡಿಫೆನ್ಸ್‌ಮನ್ ಅಂತ ಎರಡನೇ ನಾರಿಸ್ ಟ್ರೋಫಿ ತಗೊಂಡ, ಆದ್ರೂ ಟೀಮ್ ಮೊದಲ ರೌಂಡಲ್ಲೇ ಡಲ್ಲಾಸ್ ಎದುರು ಸರಣಿಯ ಕೊನೇ, 7ನೇ ಮ್ಯಾಚಲ್ಲಿ ಹೊರಗೆ ಬಿತ್ತು. ಅವತ್ತು ನಮ್ಮ ಮೇಲೆ ಹ್ಯಾಟ್ರಿಕ್ ಹೊಡೆದೋನು ಯಾರು ಗೊತ್ತಾ, ಅದೇ ಸೀಸನ್ ಮಧ್ಯದಲ್ಲಿ ನಾವೇ ಟ್ರೇಡ್ ಮಾಡಿ ಕಳಿಸಿದ್ದ ಫಾರ್ವರ್ಡ್ ರಾಂಟನೆನ್. ಈಗ್ಲೂ ಹೊಟ್ಟೆ ಉರಿಯುತ್ತೆ ನಂಗೆ. ಸ್ಟಾರ್ ಡಿಫೆನ್ಸ್‌ಮನ್ ಪಕ್ ಮುಂದಕ್ಕೆ ಮುಟ್ಟಿಸ್ಬಹುದು, ಮುಂದೆ ಮುಗಿಸೋಕೆ ಜನ ಬೇಕು, ಗೋಲ್‌ಕೀಪರೂ ಗಟ್ಟಿ ಇರ್ಬೇಕು.

ಅವರು ಆಡೋ ಬಾಲ್ ಅರೀನಾಗೆ ಒಂದ್ಸಲ ಹೋಗಿ, ಲೈಟ್ ರೈಲ್ ಹತ್ರಾನೇ ನಿಲ್ಲುತ್ತೆ. ಗ್ಲಾಸ್ ಪಕ್ಕದ ಸೀಟಿಗೆ ದುಡ್ಡು ಸುರಿಬೇಡಿ, ಮೇಲಿನ ಡೆಕ್ ತಗೊಳ್ಳಿ, ಅಲ್ಲಿಂದ ಇಡೀ ಐಸ್ ಕಾಣುತ್ತೆ. ಪಕ್ ಎಲ್ಲಿದ್ರೂ ಸರಿ, ಒಂದು ಪೀರಿಯಡ್ ಪೂರ್ತಿ 8ನೇ ನಂಬರ್ ಮಕಾರ್ ಮೇಲೇ ಕಣ್ಣಿಡಿ. ಜಾಕೆಟ್ ಮರೀಬೇಡಿ.