ಟಿ ಕೋಶಕ್ಕೆ ಕೊಬ್ಬೂ ಕಾಣುತ್ತದೆ

ಪ್ರಶ್ನೆ: ಟಿ ಕೋಶಗಳು (ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳು) ಪ್ರೋಟೀನಿನ ತುಣುಕುಗಳನ್ನಷ್ಟೇ ಗುರುತಿಸುತ್ತವೆ ಎಂದು ಓದಿದ್ದೇನೆ. ಕ್ಷಯದ ಬ್ಯಾಕ್ಟೀರಿಯಾದ ಹೊರಗೋಡೆ ತುಂಬ ಕೊಬ್ಬೇ ಇದೆಯಲ್ಲ, ಅದು ಇವುಗಳ ಗಮನಕ್ಕೆ ಬರುವುದಿಲ್ಲವೇ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಖಂಡಿತ ಬರುತ್ತದೆ. ನೀವು ಓದಿರುವುದು, ಪ್ರೋಟೀನಿನ ತುಣುಕುಗಳನ್ನು (ಪೆಪ್ಟೈಡ್) ಟಿ ಕೋಶಕ್ಕೆ ಎತ್ತಿ ತೋರಿಸುವ ಎಂಎಚ್‌ಸಿ ಪ್ರೋಟೀನುಗಳ ಕೆಲಸ. ಲಿಪಿಡ್‌ಗಳನ್ನು, ಅಂದರೆ ಕೊಬ್ಬಿನಂಥ ಅಣುಗಳನ್ನು, ಎತ್ತಿ ತೋರಿಸಲು ಸಿಡಿ1 ಎಂಬ ಬೇರೆ ಪ್ರೋಟೀನ್ ಕುಟುಂಬವೇ ಇದೆ; ಸಿಡಿ1ಎ, ಬಿ, ಸಿ, ಡಿ ಅದರ ಸದಸ್ಯರು. ಎಂಎಚ್‌ಸಿಯಲ್ಲಿ ಪೆಪ್ಟೈಡ್ ಕೂರುವ ತೋಡು ಮೇಲ್ಗಡೆ ತೆರೆದಿರುತ್ತದೆ. ಸಿಡಿ1ರದು ಮರದ ಪೊಟರೆಯ ಹಾಗೆ: ಬಾಯಿ ಚಿಕ್ಕದು, ಒಳಗೆ ಆಳ, ಗೋಡೆಯೆಲ್ಲ ನೀರಿಗೆ ಒಗ್ಗದ ಅಮೈನೊ ಆಮ್ಲಗಳು. ಲಿಪಿಡ್‌ನ ಉದ್ದ ಬಾಲ ಒಳಗೆ ಹುದುಗುತ್ತದೆ, ಸಕ್ಕರೆಯ ತಲೆ ಹೊರಗೆ ಉಳಿಯುತ್ತದೆ. ಟಿ ಕೋಶದ ಗ್ರಾಹಿ ಮುಟ್ಟಿ ನೋಡುವುದು ಆ ತಲೆಯನ್ನು ಮತ್ತು ಸುತ್ತಲಿನ ಸಿಡಿ1ರ ಅಂಚನ್ನು.

ಕ್ಷಯದ ಬ್ಯಾಕ್ಟೀರಿಯಾದ ಹೊರಗೋಡೆಯ ಲಿಪಿಡ್ ಆದ ಮೈಕೋಲಿಕ್ ಆಮ್ಲವನ್ನು ಟಿ ಕೋಶ ಗುರುತಿಸುತ್ತದೆಂದು 1994ರಲ್ಲೇ ತಿಳಿಯಿತು. ಎಂಬತ್ತರ ಆಸುಪಾಸು ಕಾರ್ಬನ್ನುಗಳ ಆ ದೊಡ್ಡ ಅಣುವನ್ನು ಹಿಡಿಸಿಕೊಳ್ಳಲು ಸಿಡಿ1ಬಿಯ ಒಳಗೆ ನಾಲ್ಕು ಕೊಳವೆಗಳಿವೆ. ಮೂರು ಒಂದಕ್ಕೊಂದು ಕೂಡಿಕೊಂಡು ಉದ್ದ ಸುರಂಗವಾಗಿವೆ. ಗುರುತಿಸುವಿಕೆ ಎಷ್ಟು ಕರಾರುವಾಕ್ಕು ನೋಡಿ: ಗ್ಲೂಕೋಸ್ ಅಂಟಿದ ಮೈಕೋಲಿಕ್ ಆಮ್ಲಕ್ಕೆ ಸ್ಪಂದಿಸುವ ಟಿ ಕೋಶ, ಗ್ಲೂಕೋಸಿನ ಜಾಗದಲ್ಲಿ ಮ್ಯಾನೋಸ್ ಇದ್ದರೆ ಸುಮ್ಮನಿರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಹೈಡ್ರಾಕ್ಸಿಲ್ (ಒಎಚ್) ಗುಂಪಿನ ದಿಕ್ಕು.

ಇಲಿಗಳಲ್ಲಿ ಸಿಡಿ1ಎ, ಬಿ, ಸಿ ಮೂರೂ ಇಲ್ಲ, ಸಿಡಿ1ಡಿ ಮಾತ್ರ ಇದೆ. ಹಾಗಾಗಿ ಲಿಪಿಡ್ ಲಸಿಕೆಯ ಪರೀಕ್ಷೆಗೆ ಸಾಮಾನ್ಯ ಇಲಿ ಸಾಲದು; ಗಿನಿಪಿಗ್ಗೋ ಮಾನವ ಜೀನು ಸೇರಿಸಿದ ಇಲಿಯೋ ಬೇಕು.

ಪ್ರಶ್ನೆ: ಆಲ್ಫಾ-ಗ್ಯಾಲಕ್ಟೋಸಿಲ್‌ಸೆರಮೈಡ್ ಹಾಕಿದರೂ ರಕ್ತದ ಎನ್‌ಕೆಟಿ ಕೋಶಗಳು ಅಲುಗುತ್ತಿಲ್ಲ. ಏಕೆ?
– ಸಂಶೋಧನಾ ವಿದ್ಯಾರ್ಥಿ, ಮೈಸೂರು

ಎನ್‌ಕೆಟಿ ಎಂದರೆ ಸಿಡಿ1ಡಿ ತೋರಿಸುವ ಲಿಪಿಡ್‌ಗಳನ್ನು ಗುರುತಿಸುವ ಟಿ ಕೋಶಗಳು; ಆಲ್ಫಾ-ಗ್ಯಾಲಕ್ಟೋಸಿಲ್‌ಸೆರಮೈಡ್ ಅವನ್ನು ಕೆರಳಿಸುವ ಲಿಪಿಡ್. ಮೊದಲು ಆ ಲಿಪಿಡ್ ಕರಗಿದೆಯೇ ನೋಡಿ. ಬಹುಪಾಲು ವೈಫಲ್ಯ ಅಲ್ಲೇ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ದ್ರಾವಣ ಮಾಡಿ, ಗಾಜಿನ ಸೀಸೆಯಲ್ಲೇ ಇಡಿ. ಪ್ಲಾಸ್ಟಿಕ್ಕಿಗೆ ಲಿಪಿಡ್ ಅಂಟಿಕೊಂಡು ಪ್ರಮಾಣ ಇಳಿಯುತ್ತದೆ. ಫ್ರೀಜರಿನಿಂದ ತೆಗೆದ ಮೇಲೆ ಪ್ರತಿ ಸಲವೂ 80 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಸೋನಿಕೇಟ್ ಮಾಡಿ (ಶ್ರವಣಾತೀತ ಧ್ವನಿಯಿಂದ ಅಲುಗಿಸಿ), ಬೆಚ್ಚಗಿನ ಮಾಧ್ಯಮಕ್ಕೇ ಬೆರೆಸಿ. ತಣ್ಣನೆಯದಕ್ಕೆ ಸುರಿದರೆ ಮತ್ತೆ ಗಟ್ಟಿಯಾಗಿ ಬೇರ್ಪಡುತ್ತದೆ. ಕೊನೆಗೆ ಮಿಲಿಲೀಟರಿಗೆ 100 ನ್ಯಾನೊಗ್ರಾಂ ಇದ್ದರೆ ಸಾಕು.

ಇನ್ನೊಂದು, ಎಣಿಕೆ. ಮನುಷ್ಯನ ರಕ್ತದ ಟಿ ಕೋಶಗಳಲ್ಲಿ ಎನ್‌ಕೆಟಿ ಸಾಮಾನ್ಯವಾಗಿ ಶೇ. 0.01ರಿಂದ 0.1, ಕೆಲವರಲ್ಲಿ ಅದಕ್ಕಿಂತಲೂ ಕಡಿಮೆ. ಹತ್ತು ಸಾವಿರ ಕೋಶ ಎಣಿಸಿ ಇಲ್ಲವೆನ್ನಬೇಡಿ; ಹತ್ತು ಲಕ್ಷವಾದರೂ ನೋಡಿ. ಎನ್‌ಕೆಟಿಯನ್ನು ಗುರುತು ಹಚ್ಚಲು ಬಳಸುವ ಟೆಟ್ರಾಮರನ್ನು (ನಾಲ್ಕು ಸಿಡಿ1ಡಿ ಜೋಡಿಸಿದ ಅಣು) ಲಿಪಿಡ್ ತುಂಬದೆಯೂ ಜೊತೆಗೆ ಹಾಕಿ ಹೋಲಿಸಿ.

ಪ್ರಶ್ನೆ: ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಏಳುತ್ತದೆ. ಇದಕ್ಕೂ ಟಿ ಕೋಶಕ್ಕೂ ಸಂಬಂಧವುಂಟೇ?
– ಓದುಗರು, ಮಂಗಳೂರು

ತಾಗಿದ ಕೂಡಲೇ ಆಗುವ ಉರಿ, ಸುಟ್ಟ ಗಾಯ ಎಣ್ಣೆಯದೇ ನೇರ ಪೆಟ್ಟು. ಒಂದೆರಡು ದಿನ ಕಳೆದು ಏಳುವ ತುರಿಕೆ, ಗುಳ್ಳೆಗಳು ಟಿ ಕೋಶದ ಅಲರ್ಜಿ. ಆ ಎಣ್ಣೆಯ ಕಾರ್ಡಾಲ್, ಅಮೆರಿಕದ ಪಾಯ್ಸನ್ ಐವಿ ಬಳ್ಳಿಯ ಉರುಶಿಯಾಲ್‌ಗೆ ಹತ್ತಿರದ ನೆಂಟ. ಉರುಶಿಯಾಲನ್ನು ಚರ್ಮದ ಸಿಡಿ1ಎ ಹಿಡಿದು ಟಿ ಕೋಶಕ್ಕೆ ತೋರಿಸುತ್ತದೆಂದು 2016ರಲ್ಲಿ ಗೊತ್ತಾಯಿತು. ಬರೀ ನೀರಿಗೆ ಈ ಎಣ್ಣೆ ಹೋಗುವುದಿಲ್ಲ. ತಾಗಿದ ತಕ್ಷಣ ಸೋಪು ಹಚ್ಚಿ ತೊಳೆಯಿರಿ, ಸಿಪ್ಪೆ ಮುಟ್ಟಿದ ಕೈಯಿಂದ ಮುಖ ಮುಟ್ಟಬೇಡಿ.