ಅಪ್ಪ-ಅವ್ವನ ನಡುವಿನ ಅಂಚೆಯಣ್ಣ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಅವರನ್ನು ಮಂಜು ಅಂತ ಕರೆಯೋಣ. ವಯಸ್ಸು 34, ಹುಬ್ಬಳ್ಳಿಯಲ್ಲಿ ಕೆಲಸ. ಹೆಸರು, ಗುರುತು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ.

ಒಪ್ಪಿಗೆ ಕೇಳಿದಾಗ ಅವರು ಜೋರಾಗಿ ನಕ್ಕರು. ತಂದೆ-ತಾಯಿಯ ವಿಚ್ಛೇದನದ ಬಗ್ಗೆ 2013ರಲ್ಲಿ ಬಂದ 'ಎ.ಸಿ.ಒ.ಡಿ.' (ವಿಚ್ಛೇದಿತರ ಬೆಳೆದ ಮಕ್ಕಳು ಅಂತ ಅರ್ಥ) ಅನ್ನೋ ಹಾಲಿವುಡ್ ಕಾಮಿಡಿಯನ್ನು ಆಗಷ್ಟೇ ನೋಡಿದ್ದರು. ತಮ್ಮನ ಮದುವೆಗೆ, ಒಬ್ಬರ ಮುಖ ಒಬ್ಬರು ನೋಡದ ತಂದೆ-ತಾಯಿಯನ್ನು ಒಂದೇ ಕಡೆ ಸೇರಿಸಲು ಹೆಣಗುವ ಅಣ್ಣನ ಕಥೆ ಅದು. ಚಿಕ್ಕಂದಿನಲ್ಲಿ ತನಗೆ ಸಲಹೆ ಕೊಡುತ್ತಿದ್ದಾಳೆ ಅಂತ ಅವನು ನಂಬಿದ್ದ ಹೆಂಗಸು, ಅಸಲಿಗೆ ಅವನ ಮೇಲೆ ಪುಸ್ತಕ ಬರೆಯುತ್ತಿದ್ದಳು! "ನೀವೂ ಅದನ್ನ ಮಾಡಾಕತ್ತೀರಿ ಅಲ್ರೀ ಮೇಡಂ?" ಅಂದರು.

ಮಂಜು ಎಲ್ಲವನ್ನೂ ನಗಿಸುತ್ತಲೇ ಹೇಳುತ್ತಾರೆ. ಅಪ್ಪ ಧಾರವಾಡದಲ್ಲಿ, ಅವ್ವ ಹುಬ್ಬಳ್ಳಿಯಲ್ಲಿ, ಇವರು ನಡುವೆ ಚಿಗರಿ ಬಸ್ಸಿನಲ್ಲಿ. ಪರಸ್ಪರ ಒಪ್ಪಿಗೆಯ ವಿಚ್ಛೇದನ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ, ಒಂದು ವರ್ಷ ಬೇರೆ ಇದ್ದ ಮೇಲೆ ಅರ್ಜಿ ಹಾಕಬೇಕು. ಆಮೇಲೆ ಸಾಮಾನ್ಯವಾಗಿ 6 ತಿಂಗಳು ಕಾಯಬೇಕು. ತಕ್ಕ ಪ್ರಕರಣಗಳಲ್ಲಿ ಆ ಅವಧಿಯನ್ನು ನ್ಯಾಯಾಲಯ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇವರ ಮನೆಯಲ್ಲಿ 6 ತಿಂಗಳೂ ಕಾದರು. ಅಪ್ಪ-ಅವ್ವ ಸಹಿ ಹಾಕಲು ಕಾದರು, ಮಗ ಅವರ ಮನಸ್ಸು ತಿರುಗೀತು ಅಂತ ಕಾದ.

ಈಗ ತಂಗಿಯ ಲಗ್ನ. "ಆಕಿ ಬಂದ್ರ ನಾ ಮಂಟಪದಾಗ ಕಾಲ ಇಡಂಗಿಲ್ಲ" ಅಂತ ಅಪ್ಪ. ಮಂಜು ಅದನ್ನು ಅವ್ವನಿಗೆ ಮುಟ್ಟಿಸಿದ್ದು ಹೀಗೆ: "ಅಪ್ಪಾಜಿಗೆ ಸ್ವಲ್ಪ ಆರಾಮಿಲ್ಲ, ನೋಡೂಣು ಅಂದಾರ." ಅವ್ವ ಬೈದದ್ದು ಧಾರವಾಡ ಮುಟ್ಟುವಾಗ "ಅವ್ವ ಕೇಳಿದ್ಲು" ಅಂತಾಗುತ್ತಿತ್ತು. ನನಗೆ ಪ್ರಕರಣದ ಗಂಟು ಕಂಡಿದ್ದು ಇಲ್ಲೇ. ಇಬ್ಬರೂ ಮಾತಾಡುತ್ತಿದ್ದದ್ದು ಮಗ ತಿದ್ದಿ ಬರೆದ ಗಂಡ-ಹೆಂಡತಿಯ ಜೊತೆ. ಎದುರಿನವರು ಮೆತ್ತಗಾಗಿದ್ದಾರೆ ಅಂತ ಇಬ್ಬರೂ ತಿಳಿದು, ಇನ್ನಷ್ಟು ಪಟ್ಟು ಹಿಡಿದರು. ಜಗಳ ತಣ್ಣಗಾಗಲಿ ಅಂತ ಮಾಡಿದ ಕೆಲಸವೇ ಅದನ್ನು ಬೆಳೆಸುತ್ತಿತ್ತು.

"ನೀವು ಯಾರ ಲಗ್ನ ಮಾಡ್ತಾ ಇದ್ದೀರಿ, ತಂಗಿಯದೋ, ಅಪ್ಪ-ಅವ್ವಂದೋ?" ಅಂತ ಕೇಳಿದೆ. ನಗಲಿಲ್ಲ. "ಎರಡೂ ರೀ" ಅಂದರು. ಸಿನಿಮಾದಲ್ಲಿ ಆ ತಂದೆ-ತಾಯಿ ಕದ್ದುಮುಚ್ಚಿ ಮತ್ತೆ ಹತ್ತಿರ ಬರುತ್ತಾರೆ. ಅದನ್ನು ನೋಡಿದ ರಾತ್ರಿ ಇವರಿಗೆ ನಿದ್ದೆ ಬಂದಿರಲಿಲ್ಲ. ಬೆಳೆದ ಮಕ್ಕಳಿಗೆ ಇದೆಲ್ಲ ತಟ್ಟೋದಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಸುಳ್ಳು. ಚಿಕ್ಕ ಮಕ್ಕಳಿಗಾದರೆ ಅಳಲು ಬಿಡುತ್ತಾರೆ, ಇವರ ಕೈಗೆ ಬಾಡಿಗೆ ಕರಾರು, ಬ್ಯಾಂಕಿನ ಕಾಗದ ಕೊಡುತ್ತಾರೆ.

ನಾನು ಹೇಳಿದ್ದು ಜಾಸ್ತಿ ಏನಿಲ್ಲ. ಮೊದಲು, ಸುದ್ದಿ ಒಯ್ಯುವುದು ಬಂದ್. ಹೇಳಬೇಕಾದ ಮಾತು ಒಂದೇ: "ಅವ್ವಾ, ಇದನ್ನ ನೀನ ಫೋನ್ ಮಾಡಿ ಹೇಳು." ಅಪ್ಪನಿಗೂ ಅದೇ. ಬೈಗುಳ ಬರುತ್ತದೆ, ಬರಲಿ. ಎರಡನೆಯದು, ತಂಗಿಗೆ ಏನು ಬೇಕು ಅಂತ ಕೇಳಿ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ! ಲಗ್ನಪತ್ರಿಕೆಯಲ್ಲಿ ಇಬ್ಬರ ಹೆಸರೂ ಬೇರೆ ಬೇರೆ ಸಾಲಿನಲ್ಲಿ ಇರಲಿ, ಅಕ್ಕಿಕಾಳು ಹಾಕಲು ಇಬ್ಬರೂ ಬರಲಿ, ಜೋಡಿಯಾಗಿ ನಿಂತು ಫೋಟೋ ಬೇಡ, ಇಷ್ಟೇ ಆಕೆ ಕೇಳಿದ್ದು. ಲಗ್ನದ ದಿನ ಅಪ್ಪನ ಜೊತೆ ಕಾಕಾ, ಅವ್ವನ ಜೊತೆ ಸೋದರಮಾವ ಇರಲಿ, ನೀವು ಬೀಗರನ್ನು ನೋಡಿಕೊಳ್ಳಿ ಅಂದೆ. ನಿದ್ದೆ ಹೀಗೇ ಕೆಡುತ್ತಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ತೋರಿಸಿ ಅಂತಲೂ ಹೇಳಿದೆ.

ಅಪ್ಪ ಬಂದರು, ಅಕ್ಕಿಕಾಳು ಹಾಕಿ ಊಟ ಮಾಡದೇ ಹೋದರು. ಅವ್ವ ಆ ಬಗ್ಗೆ ಒಂದು ವಾರ ಮಗನ ಹತ್ತಿರ ಗೊಣಗಿದರು. ಮಂಜು ಅದನ್ನು ಧಾರವಾಡಕ್ಕೆ ಒಯ್ಯಲಿಲ್ಲ. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು.

ಮಂಜು ಅವರ ಹೆಂಡತಿಯ ವಿಷಯ ಬಾಕಿ ಇದೆ. ಸಣ್ಣ ಮಾತು ಬಂದರೂ ಇವರು ಹೂಂಗುಟ್ಟಿ ಹೊರಗೆ ಹೋಗಿಬಿಡುತ್ತಾರಂತೆ, ಎಲ್ಲಿ ಜಗಳ ಕೋರ್ಟಿಗೆ ಹೋದೀತೋ ಅಂತ. ಮುಂದಿನ ಸಲ ಆಕೆಯನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.