ಆಕ್ಷನ್ ಚೇಂಜ್ ಮಾಡಿದ್ರೆ ಮಗನ ಪೇಸ್ ಹೋಗ್ಬಿಡುತ್ತಾ?

15 ವರ್ಷದ ಮಗ, ರೈಟ್ ಆರ್ಮ್ ಫಾಸ್ಟ್, ಬೌಲಿಂಗ್ ಮಾಡಿದ ಮಾರನೇ ದಿನ ಸೊಂಟದ ಎಡಗಡೆ ನೋವು, ಕೋಚ್ ಆಕ್ಷನ್ ಚೇಂಜ್ ಮಾಡೋಣ ಅಂತಿದಾರೆ, ಪೇಸ್ ಹೋಗುತ್ತೇನೋ ಅಂತ ಭಯ ಅಂತ ಕೇಳಿದೀರ. ಸಾರ್, ನೀವು ಎಡಗಡೆ ಅಂತ ಬರೆದಿದ್ದಕ್ಕೇ ನಾನು ಉತ್ತರ ಬರೀತಿರೋದು. ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್ (ಪದೇ ಪದೇ ಹೊಡೆತ ಬಿದ್ದು ಮೂಳೆಯಲ್ಲಿ ಆಗೋ ಸಣ್ಣ ಬಿರುಕು) ಸಾಮಾನ್ಯವಾಗಿ ಬೌಲಿಂಗ್ ಕೈಯ ಎದುರು ಸೈಡಲ್ಲೇ ಬರೋದು. ಆಕ್ಷನ್ ವಿಚಾರ ಆಮೇಲೆ, ಮೊದ್ಲು ಬೌಲಿಂಗ್ ನಿಲ್ಸಿ ಒಳ್ಳೆ ಸ್ಪೋರ್ಟ್ಸ್ ಡಾಕ್ಟರ್‌ಗೆ ತೋರ್ಸಿ, ಎಂಆರ್‌ಐ ಬೇಕಾ ಕೇಳಿ.

ನನಗೆ 17ರಲ್ಲಿ ಇದೇ ಆಯ್ತು. ಎಕ್ಸ್‌ರೇ ನೋಡಿ ನಾರ್ಮಲ್ ಅಂದ್ರು (ಶುರುವಲ್ಲಿ ಎಕ್ಸ್‌ರೇಗೆ ಎಷ್ಟೋ ಸಲ ಏನೂ ಕಾಣ್ಸಲ್ಲ), ನಾನೂ ಮುಲಾಮು ತಿಕ್ಕೊಂಡು ಇನ್ನೂ ಎರಡು ತಿಂಗ್ಳು ಮ್ಯಾಟ್ ಮೇಲೆ ಹಾಕ್ದೆ. ಕೊನೆಗೆ ಒಬ್ಬ ಫಿಸಿಯೋ ಎಡಗಾಲಲ್ಲಿ ನಿಂತು ಹಿಂದಕ್ಕೆ ಬಾಗಪ್ಪ ಅಂದ್ರು, ಅರ್ಧ ಬಾಗೋಷ್ಟರಲ್ಲಿ ಅಮ್ಮಾ ಅಂತ ಗೋಡೆ ಹಿಡ್ಕೊಂಡೆ. ಒಂದಿಡೀ ಸೀಸನ್ ಹೋಯ್ತು.

ಈಗ ಆಕ್ಷನ್. ಸೈಡ್ ಆನ್ (ಮೈ ಪಕ್ಕಕ್ಕೆ ತಿರುಗಿರೋದು) ಆಗ್ಲಿ, ಫ್ರಂಟ್ ಆನ್ (ಎದೆ ಬ್ಯಾಟ್ಸ್‌ಮನ್ ಕಡೆಗಿರೋದು) ಆಗ್ಲಿ, ಸೊಂಟ ಮತ್ತೆ ಭುಜ ಒಂದೇ ದಿಕ್ಕಲ್ಲಿದ್ರೆ ಪರ್ವಾಗಿಲ್ಲ. ತೊಂದ್ರೆ ಇರೋದು ಮಿಕ್ಸೆಡ್ ಆಕ್ಷನ್‌ನಲ್ಲಿ, ಅಂದ್ರೆ ಹಿಂದಿನ ಕಾಲು ಬೀಳುವಾಗ ಸೊಂಟ ಬ್ಯಾಟ್ಸ್‌ಮನ್ ಕಡೆ ತಿರುಗಿರುತ್ತೆ, ಭುಜ ಮಾತ್ರ ಸೈಡಿಗೆ ತಿರುಚ್ಕೊಂಡು ಹೋಗುತ್ತೆ, ಒದ್ದೆ ಬಟ್ಟೆ ಹಿಂಡ್ತೀವಲ್ಲ ಹಂಗೆ. ಅದರ ಬೆನ್ನಲ್ಲೇ ಮುಂದಿನ ಕಾಲು ನೆಲಕ್ಕೆ ಬಡಿಯುತ್ತೆ, ಮೈ ತೂಕದ ಐದಾರು ಪಟ್ಟು ಫೋರ್ಸು, ಬೆನ್ನು ಹಿಂದಕ್ಕೂ ಪಕ್ಕಕ್ಕೂ ಬಾಗಿರುತ್ತೆ, ಎಲ್ಲಾ ಸೇರಿ ಹೊಡೆತ ಬೀಳೋದು ಕೆಳಗಿನ ಎರಡು ಮೂಳೆಗೆ, ಎಲ್4, ಎಲ್5. 15ರ ಹುಡುಗನ ಮೂಳೆ ಇನ್ನೂ ಬಲಿತಿರಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ ನೋಡಿ: ಈ ತಿರುಚೋದ್ರಿಂದ ಪೇಸ್ ಬರಲ್ಲ. ರನ್‌ಅಪ್‌ನಲ್ಲಿ ತಂದ ಸ್ಪೀಡು, ಮುಂದಿನ ಕಾಲು ಮಂಡಿ ಮಡಿಸ್ದೆ ಗೂಟ ಹೊಡೆದಂಗೆ ನಿಲ್ಲೋದು, ಅದರ ಮೇಲಿಂದ ಎದೆ ಮುಂದಕ್ಕೆ ಬೀಳೋದು, ಕೈ ಲೇಟಾಗಿ ಬರೋದು, ಪೇಸ್ ಇದ್ರಿಂದ. ಹಾಗಾಗಿ ಕೋಚ್ ಸೊಂಟ-ಭುಜ ಲೈನ್ ಸರಿ ಮಾಡ್ತೀನಿ ಅಂದ್ರೆ ಕಣ್ಮುಚ್ಚಿ ಒಪ್ಕೊಳ್ಳಿ, ಮುಂದಿನ ಮಂಡಿ ಮಡಿಸು ಅಂದ್ರೆ ಮಾತ್ರ ಯಾಕೆ ಅಂತ ಕೇಳಿ, ಪೇಸ್ ಹೋಗೋದು ಅಲ್ಲೇ. ಗಟ್ಟಿ ಕಾಲು ಇದ್ರೆ ಮೈಗೆ ಹೊಡೆತ ಜಾಸ್ತಿನೇ, ಸುಳ್ಳು ಹೇಳಲ್ಲ, ಅದಕ್ಕೆ ಜಿಮ್ಮು, ತೊಡೆ, ಹೊಟ್ಟೆ ಸ್ಟ್ರೆಂತ್ ಬೇಕು.

ಆಸ್ಟ್ರೇಲಿಯಾದ ಫಾಸ್ಟ್ ಬೌಲರ್ ಡೆನಿಸ್ ಲಿಲ್ಲಿ 1973ರ ವೆಸ್ಟ್ ಇಂಡೀಸ್ ಟೂರಲ್ಲಿ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್ ಮಾಡ್ಕೊಂಡು, ಆಕ್ಷನ್ ತಿದ್ಕೊಂಡು 1974-75ರ ಆಶಸ್‌ಗೆ (ಇಂಗ್ಲೆಂಡ್ ಜೊತೆಗಿನ ಟೆಸ್ಟ್ ಸರಣಿ) ವಾಪಸ್ ಬಂದ್ರು, ಕರಿಯರ್ ಮುಗಿಯೋ ಹೊತ್ತಿಗೆ 355 ಟೆಸ್ಟ್ ವಿಕೆಟ್. ಬುಮ್ರಾ ಉಲ್ಟಾ ಕೇಸು, ಆಕ್ಷನ್ ವಿಚಿತ್ರ, 2019ರಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, 2023ರಲ್ಲಿ ಬೆನ್ನಿನ ಆಪರೇಷನ್, ಆದ್ರೂ ಅದೇ ಆಕ್ಷನ್ನಲ್ಲೇ ಬಂದು 2024ರಲ್ಲಿ 71 ಟೆಸ್ಟ್ ವಿಕೆಟ್ ತೆಗೆದ್ರು. ಹುಡುಗ್ರು ಬುಮ್ರಾನ್ನ ಕಾಪಿ ಹೊಡೆಯೋದು ನೋಡಿದ್ರೆ ನನಗೆ ಸೊಂಟ ಚಳುಕ್ ಅನ್ಸುತ್ತೆ. ನಮ್ಮ ಕರ್ನಾಟಕದ ಫಾಸ್ಟ್ ಬೌಲರ್ ಪ್ರಸಿದ್ಧ್ ಕೃಷ್ಣಂದು ನೋಡಿದ್ರೆ ಎತ್ತರದ, ನೀಟಾದ ಆಕ್ಷನ್, ಅವರಿಗೂ ಸ್ಟ್ರೆಸ್ ಫ್ರ್ಯಾಕ್ಚರ್ ಬಿಡ್ಲಿಲ್ಲ, 2023ರ ಐಪಿಎಲ್ ಪೂರ್ತಿ ಮಿಸ್ ಆಯ್ತು. ಅಂದ್ರೆ ಆಕ್ಷನ್ ಒಂದೇ ಅಲ್ಲ, ಎಷ್ಟು ಬಾಲ್ ಹಾಕ್ತಾನೆ ಅನ್ನೋದೂ ಅಷ್ಟೇ ಮುಖ್ಯ.

ಡಾಕ್ಟರ್ ಓಕೆ ಅಂದ್ಮೇಲೆ ಫೋನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೀರಿ, ಅಂಪೈರ್ ನಿಲ್ಲೋ ಜಾಗದಿಂದ ಒಂದು, ಪಕ್ಕದಿಂದ ಒಂದು. ಹಿಂದಿನ ಕಾಲು ಬಿದ್ದ ಫ್ರೇಮಲ್ಲಿ ವಿಡಿಯೋ ನಿಲ್ಸಿ ಭುಜ ಎಲ್ಲಿದೆ ನೋಡಿ, ಮುಂದಿನ ಕಾಲು ಬೀಳೋವರೆಗೂ ಒಂದೊಂದೇ ಫ್ರೇಮ್ ಓಡ್ಸಿ, ಭುಜ ಹಿಂದಕ್ಕೆ 30-40 ಡಿಗ್ರಿ ತಿರುಗ್ತಿದ್ರೆ ಕೋಚ್ ಹೇಳಿದ್ದು ಸರಿ ಅಂತ್ಲೇ. ಸರಿಯಾಗಕ್ಕೆ ತಿಂಗ್ಳುಗಟ್ಲೆ ಬೇಕು, ಮೊದಮೊದ್ಲು ವೈಡ್ ಹಾಕಿ ಹಾಕಿ ಅಳ್ತಾನೆ, ಟೂರ್ನಮೆಂಟ್ ಮಧ್ಯ ಮಾತ್ರ ಶುರು ಮಾಡ್ಬೇಡಿ.

ಹಾಂ, ಅವನು ಸ್ಕೂಲ್ ಟೀಮು, ಅಕಾಡೆಮಿ, ಭಾನುವಾರದ ಟೆನ್ನಿಸ್ ಬಾಲ್ ಮ್ಯಾಚು ಮೂರೂ ಕಡೆ ಹಾಕ್ತಾನಾ? ಒಬ್ಬ ಕೋಚ್‌ಗೆ ಇನ್ನೊಬ್ಬರ ಲೆಕ್ಕ ಗೊತ್ತಿರಲ್ಲ. ಒಂದು ನೋಟ್‌ಬುಕ್‌ನಲ್ಲಿ ದಿನಾ ಎಷ್ಟು ಬಾಲ್ ಅಂತ ನೀವೇ ಬರೆದಿಡಿ, ನೆಟ್ಸ್‌ನಲ್ಲಿ ಹಾಕಿದ್ದೂ ಸೇರ್ಸಿ.